ಮಕ್ಕಳು ಕೆಲಸ ಬಿಡುತ್ತಿಲ್ಲ, ಬಿಡಿಸುತ್ತಿದ್ದಾರೆ

ಮಾನ್ಯ ಸಂಪಾದಕರೇ,

ಭಾನುವಾರದ ಉದ್ಯೋಗ ಮೇಳದ ವರದಿಯನ್ನು ನಿಮ್ಮ ಪತ್ರಿಕೆಯಲ್ಲಿ ಈಗಷ್ಟೇ ಓದಿದೆ. ಈಗಿನ ಹುಡುಗ ಹುಡುಗಿಯರಿಗೆ ತಾಳ್ಮೆ ಇಲ್ಲ, ಆರು ತಿಂಗಳೂ ಒಂದು ಕಡೆ ನಿಲ್ಲುವುದಿಲ್ಲ ಎಂದು ಅಧಿಕಾರಿಯೊಬ್ಬರು ಹೇಳಿದ್ದನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದೀರಿ. ಅವರು ವೇದಿಕೆ ಮೇಲೆ ಆ ಮಾತು ಆಡುವಾಗ ನಾನು ಮಗ, ಮಗಳ ಜೊತೆ ಕೆಳಗೆ ಬಿಸಿಲಲ್ಲಿ ನಿಂತಿದ್ದೆ. ಮಗಳು ನನ್ನ ಮುಖ ನೋಡಿದಳು. ಏನು ಹೇಳಲಿ ಅವಳಿಗೆ?

ಬೆಳಿಗ್ಗೆ ಏಳಕ್ಕೆ ಕುಂಬಾರಕೊಪ್ಪಲಿನಿಂದ ಹೊರಟೆವು. ಬಸ್ ಬರಲಿಲ್ಲ, ಆಟೊಗೆ 160 ರೂಪಾಯಿ ಕೊಟ್ಟೆ. ಎಂಟಕ್ಕೆ ಸಾಲಿನಲ್ಲಿ ನಿಂತವರು ಹೆಸರು ಬರೆಸುವ ಹೊತ್ತಿಗೆ ಹನ್ನೊಂದು ಮುಕ್ಕಾಲು. ಸರ್ವರ್ ಇಲ್ಲ ಅಂದರು. ಹಿಂದಿನ ವಾರ ಆನ್‌ಲೈನ್‌ನಲ್ಲಿ ತುಂಬಿದ್ದನ್ನೇ ಮತ್ತೆ ಕೈಯಲ್ಲಿ ಬರೆಯಿರಿ ಅಂದರು. ಗೇಟಿನ ಹೊರಗೆ ಒಂದು ಹಾಳೆ ಜೆರಾಕ್ಸ್‌ಗೆ ಐದು ರೂಪಾಯಿ. ಕುಡಿಯುವ ನೀರಿನ ಕ್ಯಾನು ಹತ್ತು ಗಂಟೆಗೇ ಖಾಲಿ. ಎಚ್.ಡಿ.ಕೋಟೆ ಕಡೆಯಿಂದ ಕೈಗೂಸು ಎತ್ತಿಕೊಂಡು ಬಂದಿದ್ದ ಹೆಣ್ಣುಮಗಳೊಬ್ಬಳು ಕೂರಲು ನೆರಳು ಹುಡುಕುತ್ತಿದ್ದಳು. ಶಾಮಿಯಾನ ಇದ್ದದ್ದು ವೇದಿಕೆಗೆ ಮಾತ್ರ.

ಇಷ್ಟಕ್ಕೇ ಆಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ಒಳಗೆ ಹೋದರೆ ಮೂರನೇ ಮೇಜಿನಲ್ಲಿ ಕೂತಿದ್ದವರು ನನ್ನ ಮಗನನ್ನು ಮನೆಗೆ ಕಳಿಸಿದ ಅದೇ ಲೇಬರ್ ಕಾಂಟ್ರಾಕ್ಟರ್ ಕಡೆಯವರು! ಅದೇ ಕೆಲಸಕ್ಕೆ ಹೊಸ ಹುಡುಗರ ಹೆಸರು ಬರೆದುಕೊಳ್ಳುತ್ತಿದ್ದರು.

ಮಗ ಐಟಿಐ ಫಿಟ್ಟರ್. ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಏಳೂವರೆ ತಿಂಗಳು ದುಡಿದ. ಒಂದು ದಿನವೂ ತಡವಾಗಿ ಹೋದವನಲ್ಲ. ಹನ್ನೆರಡು ತಿಂಗಳಲ್ಲಿ 240 ದಿನ ದುಡಿದವನನ್ನು ತೆಗೆಯಬೇಕಾದರೆ ನೋಟಿಸ್ ಕೊಡಬೇಕು, ಪರಿಹಾರ ಕೊಡಬೇಕು ಅಂತ ಕಾನೂನಿದೆ. ಅದು ತುಂಬುವ ಮೊದಲೇ ಬ್ರೇಕ್ ತಗೋ, ಮೂರು ತಿಂಗಳು ಬಿಟ್ಟು ಬಾ ಅಂದರು. ಗೇಟ್ ಪಾಸ್ ವಾಪಸ್ ತಗೊಳ್ಳುವಾಗ, ಸ್ವಂತ ಕಾರಣಕ್ಕೆ ಕೆಲಸ ಬಿಡುತ್ತಿದ್ದೇನೆ ಎಂದು ಬರೆಸಿಕೊಂಡರು. ಬರೆಯದಿದ್ದರೆ ಆ ತಿಂಗಳ ಸಂಬಳ ಇಲ್ಲ ಅಂತ ಹೆದರಿಸಿದರು. ಇಂಥ ಕಾಗದಗಳನ್ನು ಮುಂದಿಟ್ಟುಕೊಂಡೇ ಅಲ್ವಾ ಹುಡುಗರು ನಿಲ್ಲುವುದಿಲ್ಲ ಅಂತ ಹೇಳುವುದು? ತಿಂಗಳು ತಿಂಗಳು ಸಂಬಳದಲ್ಲಿ ಶೇ 12 ಪಿಎಫ್ ಹಿಡಿದಿದ್ದರು. ಅದನ್ನು ತೆಗೆಯಲು ಹೋದರೆ ಕಾಂಟ್ರಾಕ್ಟರ್ ಕೆಲಸ ಬಿಟ್ಟ ದಿನಾಂಕವನ್ನೇ ಹಾಕಿರಲಿಲ್ಲ. ನಾಲ್ಕು ಸಲ ಅಲೆದಿದ್ದೇವೆ.

ನಾನು ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ 31 ವರ್ಷ ದುಡಿದವನು. ನಮ್ಮ ಕಾಲದಲ್ಲೂ ಎಲ್ಲ ಸುಖವಾಗಿರಲಿಲ್ಲ. 1996ರಲ್ಲಿ ನಮ್ಮೂರಿನ ಬೈಕ್ ಕಾರ್ಖಾನೆ ಐಡಿಯಲ್ ಜಾವಾ ಮುಚ್ಚಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಟ್ರೈನಿಯಾಗಿ ಸೇರಿದ ನನ್ನನ್ನು ಪ್ರೊಬೇಷನ್ ಮುಗಿದ ಮೇಲೆ ಕನ್ಫರ್ಮ್ ಮಾಡಿದರು. ಹಾಗಾಗಿ ನಿಂತೆ. ನನಗೇನು ಇವರಿಗಿಂತ ತಾಳ್ಮೆ ಜಾಸ್ತಿ ಇರಲಿಲ್ಲ. ಈಗ ಒಂದೇ ಲೈನಿನಲ್ಲಿ ಕಂಪನಿ ಹುಡುಗ, ಕಾಂಟ್ರಾಕ್ಟ್ ಹುಡುಗ, ಅಪ್ರೆಂಟಿಸ್ ಹುಡುಗ ಮೂವರೂ ನಿಲ್ಲುತ್ತಾರೆ. ಕೆಲಸ ಒಂದೇ, ಸಂಬಳ ಮೂರು ಥರ. ಆರ್ಡರ್ ಕಡಿಮೆಯಾದ ದಿನ ಮೊದಲು ಹೊರಗೆ ಹೋಗುವವನು ಯಾರು ಅಂತ ಎಲ್ಲರಿಗೂ ಗೊತ್ತು.

ಮಗಳದು ಇನ್ನೊಂದು ಕಥೆ. ಬಿ.ಕಾಂ. ಮಾಡಿದ್ದಾಳೆ. ಖಾಸಗಿ ಶಾಲೆಯ ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದಳು. ಬೇಸಿಗೆ ರಜಕ್ಕೆ ಸಂಬಳ ನಿಲ್ಲಿಸಿದರು, ಜೂನ್‌ಗೆ ನೋಡೋಣ ಅಂದರು. ಆ ಜೂನ್ ಬರಲೇ ಇಲ್ಲ. ಆಮೇಲೆ ಒಂದು ಕಾಲ್ ಸೆಂಟರ್ ಸೇರಿದಳು. ಇಂಟರ್‌ವ್ಯೂನಲ್ಲಿ ಕೇಳಿದ ಮೊದಲ ಪ್ರಶ್ನೆ, ಮದುವೆ ಯಾವಾಗ? ಎರಡನೇ ತಿಂಗಳಿಂದ ಕ್ಯಾಬ್ ನಿಂತಿತು. ರಾತ್ರಿ ಹತ್ತೂವರೆಗೆ ರಿಂಗ್ ರೋಡಿನಲ್ಲಿ ಇಳಿದು ನಡೆದು ಬರಬೇಕು. ಅಲ್ಲಿ ದೀಪ ಇಲ್ಲ. ಬೀದಿ ದೀಪದ ಬಗ್ಗೆ ಮೂರು ವರ್ಷದಿಂದ ಅರ್ಜಿ ಕೊಡುತ್ತಿದ್ದೇವೆ. ನಾಳೆ ಬನ್ನಿ, ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ, ಇದೇ ಉತ್ತರ. ಐದು ತಿಂಗಳು ನಾನೇ ಸ್ಕೂಟರ್ ತಗೊಂಡು ಹೋಗಿ ಕಾದೆ. ನನಗೆ ಕಾಲು ನೋವಾಗಿ ಹೋಗಲಾಗದೆ ಇದ್ದಾಗ ಅವಳು ಕೆಲಸ ಬಿಟ್ಟಳು. ಅವಳೂ ತಾಳ್ಮೆ ಇಲ್ಲದವರ ಪಟ್ಟಿಗೆ ಸೇರಿದಳು.

ಸರ್ಕಾರದ ಕಾರ್ಮಿಕ ಬಲ ಸಮೀಕ್ಷೆ ಇದೆಯಲ್ಲ, ಅದರ ವಾರದ ಲೆಕ್ಕದಲ್ಲಿ ಏಳು ದಿನದಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೂ ಅವನು ಉದ್ಯೋಗಿಯೇ. ಮಗ ಈಗ ಸ್ನೇಹಿತನ ಬೈಕಿನಲ್ಲಿ ಪಾರ್ಸೆಲ್ ಕೊಡುತ್ತಾನೆ. ಆ ಲೆಕ್ಕಕ್ಕೆ ಅವನಿಗೆ ಕೆಲಸ ಇದೆ. ಹೆಣ್ಣು ಕೇಳಲು ಹೋದರೆ ಪರ್ಮನೆಂಟಾ ಅಂತ ಕೇಳುತ್ತಾರೆ. 2023ರಲ್ಲಿ ಮಂಡ್ಯ ಕಡೆಯ ಮದುವೆಯಾಗದ ಹುಡುಗರು ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಊರೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ.

ಸರ್ಕಾರಿ ಕೆಲಸಕ್ಕೆ ಓದಿ ಅನ್ನುತ್ತಾರೆ. 545 ಪಿಎಸ್‌ಐ ಹುದ್ದೆಗಳ ನೇಮಕಾತಿ ಅಕ್ರಮದಿಂದ 2022ರಲ್ಲಿ ರದ್ದಾಯಿತು. ಮರುಪರೀಕ್ಷೆ ಆದದ್ದು 2024ಕ್ಕೆ. 384 ಕೆಎಎಸ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳು ಅರ್ಥವೇ ಆಗದಷ್ಟು ಕೆಟ್ಟದಾಗಿ ಅನುವಾದ ಆಗಿದ್ದಕ್ಕೆ 2024ರ ಡಿಸೆಂಬರ್ 29ರಂದು ಮತ್ತೆ ಬರೆಸಿದರು. ನಮ್ಮ ರಾಜ್ಯದ ಪರೀಕ್ಷೆ, ನಮ್ಮ ಭಾಷೆ! ಸುಮ್ನೆ ಹೋದ ಆ ವರ್ಷಗಳನ್ನು ಈ ಮಕ್ಕಳಿಗೆ ಯಾರು ವಾಪಸ್ ಕೊಡುತ್ತಾರೆ? ವಯೋಮಿತಿ ಮಾತ್ರ ಓಡುತ್ತಲೇ ಇರುತ್ತದೆ.

ಆ ಅಧಿಕಾರಿ ತಮ್ಮ ಮಾತು ವಾಪಸ್ ತಗೊಳ್ಳಲಿ. ಒಬ್ಬನನ್ನು ತೆಗೆದ ಜಾಗಕ್ಕೇ ಇನ್ನೊಬ್ಬನನ್ನು ಕರೆಯುವ ಕಾಂಟ್ರಾಕ್ಟರ್‌ಗಳಿಗೆ ಮೇಳದಲ್ಲಿ ಮೇಜು ಕೊಡಬೇಡಿ. ರಿಂಗ್ ರೋಡಿಗೆ ದೀಪ ಹಾಕಿಸಿ. ಸಂಬಂಧಪಟ್ಟವರು ಏನಾದರೂ ಮಾಡಿ, ಸಾರ್. ಮನೆಯಲ್ಲಿ ಇಬ್ಬರು ದುಡಿಯುವ ವಯಸ್ಸಿನ ಮಕ್ಕಳು ಫೋನ್ ನೋಡುತ್ತಾ ಕೂತಿರುವುದನ್ನು ದಿನಾ ನೋಡುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಾ? ಮುಂದಿನ ಸಲ ಭಾಷಣ ಮಾಡುವವರು ಎಂಟು ಗಂಟೆಗೆ ಬಂದು ಈ ಮಕ್ಕಳ ಜೊತೆ ಸಾಲಿನಲ್ಲಿ ನಿಲ್ಲಲಿ. ಅದೂ ಆಗದಿದ್ದರೆ ಇನ್ನೆರಡು ಕ್ಯಾನು ನೀರಾದರೂ ಇಡಿಸಲಿ.

— ಒಬ್ಬ ನಿವೃತ್ತ ಕಾರ್ಮಿಕ, ಕುಂಬಾರಕೊಪ್ಪಲು, ಮೈಸೂರು