ಕಪ್ಪಾಗಿಯೇ ಉಳಿಯುವ ಜಿರ್ಕಾನ್ ಕಾಳು

ಮಡಿಕೇರಿ

ಪ್ರೀತಿಯ ಮಗಳೇ,

ಕಾವೇರಿ ಮರಳಿನ ಜಿರ್ಕಾನ್ ಎಂಬ ಖನಿಜದ ಕಾಳುಗಳಲ್ಲಿ ಕೆಲವು ಅಡ್ಡಹಾಕಿದ (ಒಂದು ಬಿಟ್ಟ ಬೆಳಕನ್ನು ಇನ್ನೊಂದು ತಡೆಯುವಂತೆ ಇಟ್ಟ) ಎರಡು ಪೋಲರಾಯ್ಡ್‌ಗಳ ನಡುವೆ ಹೊಳೆಯುತ್ತವೆ, ಕೆಲವು ಕಪ್ಪಾಗಿಯೇ ಇರುತ್ತವೆ, ಏಕೆ ಎಂದು ಕೇಳಿದ್ದೆಯಲ್ಲ. ವಸ್ತು ಒಂದೇ. ಕಪ್ಪಾದವುಗಳಲ್ಲಿ ಕೆಟ್ಟಿರುವುದು ಪರಮಾಣುಗಳ ಸಾಲು.

ಜಿರ್ಕೋನಿಯಂ ಇರಬೇಕಾದ ಜಾಗದಲ್ಲಿ ಅಲ್ಲಲ್ಲಿ ಯುರೇನಿಯಂ ಕೂತಿರುತ್ತದೆ. ಯುರೇನಿಯಂ-238 ಸೀಸವಾಗುವಷ್ಟರಲ್ಲಿ ಎಂಟು ಆಲ್ಫಾ ಕಣ ಹಾರಿಸುತ್ತದೆ. ಹೆಚ್ಚು ಹಾನಿ ಮಾಡುವುದು ಆ ಕಣವಲ್ಲ, ಹಾರಿಸಿದ ರಭಸಕ್ಕೆ ಹಿಂದಕ್ಕೆ ನುಗ್ಗುವ ಭಾರದ ಪರಮಾಣು. ಒಂದೊಂದು ಸಲಕ್ಕೂ ಸಾವಿರದ ಲೆಕ್ಕದಲ್ಲಿ ನೆರೆಯವನ್ನು ಜಾಗ ತಪ್ಪಿಸುತ್ತದೆ. ಕೊಡಗಿನ ಹಳೆಯ ಬಂಡೆಗಳಿಗೆ 300 ಕೋಟಿ ವರ್ಷ ದಾಟಿದೆ. ಹಾಗೆಂದು ವಯಸ್ಸು ನೋಡಿ ಹಾನಿ ಅಳೆಯಬೇಡ, ಭೂಗರ್ಭದ ಕಾವು ಸಿಕ್ಕಾಗ ಸಾಲು ತಾನೇ ಸರಿಹೋಗುತ್ತದೆ.

ಸಾಲು ಗಟ್ಟಿಯಿದ್ದಾಗ ವಕ್ರೀಭವನಾಂಕ (ಒಳಗೆ ಬೆಳಕು ಎಷ್ಟು ಪಟ್ಟು ನಿಧಾನವಾಗುತ್ತದೆ ಎಂಬ ಲೆಕ್ಕ) ಎರಡು, ಸುಮಾರು 1.92 ಮತ್ತು 1.98. ಬೆಳಕು ಎರಡು ಕಿರಣವಾಗಿ ಸೀಳಿ ಒಂದು ಹಿಂದೆ ಬೀಳುವುದರಿಂದ ಎರಡನೆಯ ಪೋಲರಾಯ್ಡನ್ನೂ ದಾಟಿ ಕಾಳು ಹೊಳೆಯುತ್ತದೆ. ಪೂರ್ತಿ ಕೆಟ್ಟಾಗ ಒಂದೇ, 1.8ರ ಆಸುಪಾಸು, ಅದಕ್ಕೇ ಕಪ್ಪು. ಸಾಂದ್ರತೆಯೂ 4.7ರಿಂದ 4ರ ಹತ್ತಿರಕ್ಕೆ ಇಳಿಯುತ್ತದೆ.

ಎಡವುವುದು ಇಲ್ಲೇ: ಗಾರ್ನೆಟ್ ಎಂಬ ಇನ್ನೊಂದು ಖನಿಜದ ಸಾಂದ್ರತೆಯೂ 4ರ ಹತ್ತಿರ, ಪೋಲರಾಯ್ಡ್ ನಡುವೆ ಅದೂ ಕಪ್ಪಾಗಿಯೇ ಕಾಣುತ್ತದೆ. ಬೊಗಸೆ ಮರಳನ್ನು ಅಕ್ಕಿ ಜಾಲಿಸುವ ಹಾಗೆ ಜಾಲಿಸಿ ಒಣಗಿಸು. ಮಾಮೂಲಿ ಅಯಸ್ಕಾಂತಕ್ಕೆ ಪ್ಲಾಸ್ಟಿಕ್ ಸುತ್ತಿ ಮ್ಯಾಗ್ನೆಟೈಟ್ (ಕಬ್ಬಿಣದ ಅದಿರು) ತೆಗೆ. ಆಮೇಲೆ ನಿಯೋಡಿಮಿಯಂ ಅಯಸ್ಕಾಂತ ಹಿಡಿ, ಕಬ್ಬಿಣಾಂಶವಿರುವ ಗಾರ್ನೆಟ್ ಬರುತ್ತದೆ, ಜಿರ್ಕಾನ್ ಬರುವುದಿಲ್ಲ. ಉಳಿದದ್ದನ್ನು ಗಾಜಿನ ಮೇಲೆ ಲವಂಗದ ಎಣ್ಣೆಯ ಹನಿಯಲ್ಲಿ ಹರಡು. ಎಣ್ಣೆಯ ವಕ್ರೀಭವನಾಂಕ 1.53, ಮರಳಿನ ಸ್ಫಟಿಕದ್ದು (ಕ್ವಾರ್ಟ್ಜ್) 1.54, ಹಾಗಾಗಿ ಸ್ಫಟಿಕ ಹೆಚ್ಚುಕಮ್ಮಿ ಮಾಯವಾಗಿ ಜಿರ್ಕಾನ್ ದಪ್ಪ ಕಪ್ಪಂಚಿನೊಂದಿಗೆ ಎದ್ದು ಕಾಣುತ್ತದೆ.

ಈಗ ಪೋಲರಾಯ್ಡ್ ಅಡ್ಡಹಾಕಿ ಗಾಜನ್ನು ಒಂದು ಸುತ್ತು ತಿರುಗಿಸು. ಒಳ್ಳೆಯ ಕಾಳು ನಾಲ್ಕು ಸಲ ನಂದಿ ನಾಲ್ಕು ಸಲ ಬೆಳಗುತ್ತದೆ. ಕಪ್ಪಾಗಿಯೇ ಇದ್ದರೆ ಸೂಜಿಯಿಂದ ಮಗುಚಿ ಮತ್ತೆ ನೋಡು. ಉದ್ದದ ಅಕ್ಷ ನೇರ ನಿನ್ನ ಕಡೆಗಿದ್ದರೆ ಗಟ್ಟಿ ಕಾಳೂ ಕಪ್ಪೇ.

ಢಾಳ ಬಣ್ಣ ಕಂಡರೆ ಕಾಳು ಗಟ್ಟಿ ಎಂದು ಮರುಳಾಗಬೇಡ. 0.1 ಮಿಲಿಮೀಟರ್ ದಪ್ಪದ ಗಟ್ಟಿ ಕಾಳಿನಲ್ಲಿ ಎರಡು ಕಿರಣಗಳ ಅಂತರ ಸುಮಾರು 5900 ನ್ಯಾನೋಮೀಟರ್, ಬಣ್ಣಗಳೆಲ್ಲ ಬೆರೆತು ಬಿಳಿಚಿಕೊಳ್ಳುತ್ತದೆ. ವಕ್ರೀಭವನಾಂಕಗಳ ವ್ಯತ್ಯಾಸ 0.01ಕ್ಕೆ ಇಳಿದ ಕಾಳಿನಲ್ಲಿ ಅದು 1000 ಮಾತ್ರ, ಅದಕ್ಕೇ ಬಣ್ಣ ಢಾಳಾಗಿರುತ್ತದೆ. ನಡುಭಾಗ ನೋಡು. ಅಂಚು ತೆಳ್ಳಗಿರುವುದರಿಂದ ಎಲ್ಲದರಲ್ಲೂ ಬಣ್ಣವಿದ್ದೇ ಇರುತ್ತದೆ.

ಕಾಲೇಜಿನ ಕುಲುಮೆ ಸಿಕ್ಕರೆ ಅರ್ಧ ಕಾಳುಗಳನ್ನು 1000 ಡಿಗ್ರಿ ದಾಟಿಸಿ ಕಾಯಿಸು, ಅರ್ಧ ಹಾಗೇ ಇರಲಿ. ಅಷ್ಟಿಷ್ಟು ಕೆಟ್ಟವು ಮತ್ತೆ ಬಿಳಿಚುತ್ತವೆ. ತೀರಾ ಕೆಟ್ಟವು ಮೊದಲು ಜಿರ್ಕೋನಿಯಾ (ಜಿರ್ಕೋನಿಯಂ ಆಕ್ಸೈಡ್), ಸಿಲಿಕಾ ಎಂದು ಬೇರ್ಪಟ್ಟು ಮಸುಕಾಗಬಹುದು. ಅವು ಮತ್ತೆ ಜಿರ್ಕಾನ್ ಆಗಲು ಇನ್ನೂ ಹೆಚ್ಚು ಶಾಖ ಬೇಕು.

ನಿನ್ನ
ಅಪ್ಪ