ಮಗಳಿಗೊಂದು ಪತ್ರ: ನಿನ್ನ ಪೆನ್ಸಿಲ್ ಪಟ್ಟಿ ಸಿಕ್ಕಿತು

ಪುಟ್ಟಿ,

ನಿನ್ನ ಕಪಾಟಿನ ಧೂಳು ಹೊಡೆಯುವಾಗ ಮೂರನೇ ಹ್ಯಾರಿ ಪಾಟರ್ ಪುಸ್ತಕದೊಳಗಿಂದ ನಾಲ್ಕು ಹಾಳೆ ಜಾರಿ ಬಿದ್ದವು. ಮೇಲೆ "ಸಿನಿಮಾದವರು ಕೆಡಿಸಿದ್ದು" ಅಂತ ದಪ್ಪಗೆ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೀಯ. 1ರಿಂದ 47ರವರೆಗೆ ನಂಬರ್ ಬೇರೆ. ಕೇಳದೆ ಓದಿದ್ದು ತಪ್ಪೇ. ಆದರೆ ಮೊದಲ ಸಾಲು ಕಣ್ಣಿಗೆ ಬಿದ್ದ ಮೇಲೆ ಮಡಿಸಿಡೋಕೆ ಆಗಲಿಲ್ಲ. ಪಟ್ಟಿ ಓದಿದೆ, ಆಮೇಲೆ ಪುಸ್ತಕವನ್ನೂ ತೆಗೆದೆ. ಕಪಾಟು ಇನ್ನೂ ಅರ್ಧ ಧೂಳಲ್ಲೇ ಇದೆ.

ನೀನು ಹಾಸ್ಟೆಲ್‌ಗೆ ಹೊರಡುವ ಹಿಂದಿನ ರಾತ್ರಿ ಆರನೇ ಸಿನಿಮಾ ನೋಡಿದೆವಲ್ಲ, ಅದು ಮುಗಿದು ಹೆಸರುಗಳು ಓಡುತ್ತಿರುವಾಗ ನೀನು "ಇವನು ಹ್ಯಾರಿನೇ ಅಲ್ಲ" ಅಂದೆ. ಗಂಟಲು ಕಟ್ಟಿತ್ತು. ನಾನು ನಕ್ಕುಬಿಟ್ಟೆ. "ಸಿನಿಮಾ ತಾನೇ, ಅಷ್ಟು ದಪ್ಪ ಪುಸ್ತಕವನ್ನ ಎರಡೂವರೆ ಗಂಟೆಯೊಳಗೆ ತುರುಕೋದು ಹೇಗೆ" ಅಂತ ದೊಡ್ಡವಳ ಥರ ಹೇಳಿದೆ. ನೀನು ಮಾತಾಡದೆ ಎದ್ದು ಹೋದೆ. ಬೆಳಗ್ಗೆ ಬ್ಯಾಗ್ ಎತ್ತಿಕೊಂಡಾಗಲೂ "ಬರ್ತೀನಿ" ಅನ್ನೋದೊಂದೇ ಮಾತು.

ನಗಬಾರದಿತ್ತು. ಅದೂ ನಾನು. ನಿನಗೆ ಯಾವತ್ತೂ ಹೇಳಿಲ್ಲ, ಇದೇ ಆರನೇ ಸಿನಿಮಾ 2008ರ ನವೆಂಬರ್‌ನಲ್ಲಿ ಬರಬೇಕಿತ್ತು. ಆಗಸ್ಟ್‌ನಲ್ಲಿ ಇದ್ದಕ್ಕಿದ್ದ ಹಾಗೆ ಅದನ್ನು 2009ರ ಜುಲೈಗೆ ತಳ್ಳಿದರು. ಬೇಸಿಗೆಯಲ್ಲಿ ಬಿಟ್ಟರೆ ಕಲೆಕ್ಷನ್ ಜಾಸ್ತಿ ಅನ್ನೋ ಲೆಕ್ಕಾಚಾರ. ಅಭಿಮಾನಿಗಳು ಸಿಡಿದೆದ್ದರು, ಸಹಿ ಸಂಗ್ರಹ ಮಾಡಿದರು. ಆ ಸಹಿಗಳಲ್ಲಿ ನಿನ್ನಮ್ಮನದೂ ಒಂದಿತ್ತು. ಕೆಲಸಕ್ಕೆ ಹೋಗುವ ಹೆಂಗಸು, ಎರಡು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಿರಲಿಲ್ಲ. ಈಗ ಹೇಳು, ನಗೋ ಅಧಿಕಾರ ನನಗೆಲ್ಲಿದೆ?

ಸರಿ, ಪಟ್ಟಿಗೆ ಬರ್ತೀನಿ. ಮೊದಲು ನನ್ನ ಮಾತನ್ನೇ ಲೆಕ್ಕ ಹಾಕಿ ನೋಡಿದೆ. ಎರಡನೇ ಪುಸ್ತಕ ಬ್ರಿಟನ್ನಿನ ಮುದ್ರಣದಲ್ಲಿ 251 ಪುಟ. ಅದರ ಸಿನಿಮಾ 161 ನಿಮಿಷ, ಎಂಟು ಸಿನಿಮಾದಲ್ಲಿ ಅದೇ ಎಲ್ಲಕ್ಕಿಂತ ಉದ್ದ. ಐದನೇ ಪುಸ್ತಕ 766 ಪುಟ, ಏಳರಲ್ಲಿ ಅದೇ ಎಲ್ಲಕ್ಕಿಂತ ದಪ್ಪ. ಅದರ ಸಿನಿಮಾ? 138 ನಿಮಿಷ! ಪುಸ್ತಕ ಮೂರು ಪಟ್ಟು, ಸಿನಿಮಾ 23 ನಿಮಿಷ ಕಡಿಮೆ. "ಹಿಡಿಸಲ್ಲ" ಅನ್ನೋ ನನ್ನ ವಾದ ಅಲ್ಲಿಗೇ ಮಕಾಡೆ ಬಿತ್ತು. ಒಂದಷ್ಟು ಜಾಗ ಇತ್ತು, ಅವರಿಗೆ ಬೇಡವಾಗಿತ್ತು ಅಷ್ಟೇ. ಹ್ಯಾರಿಯ ಸಹಪಾಠಿ ನೆವಿಲ್‌ನ ಅಪ್ಪ ಅಮ್ಮ ಆಸ್ಪತ್ರೆಯಲ್ಲಿರುವುದನ್ನು ತೋರಿಸಲೇ ಇಲ್ಲ ಅಂತ 22ನೇ ನಂಬರಿನಲ್ಲಿ ಬರೆದಿದ್ದೀಯಲ್ಲ, ಮಗ ಬಂದಾಗ ಅವನ ಅಮ್ಮ ಖಾಲಿ ಚೂಯಿಂಗ್ ಗಮ್ ಕಾಗದವನ್ನು ಅವನ ಕೈಗೆ ಕೊಡ್ತಾಳಲ್ಲ, ಅವನು ಅದನ್ನ ಎಸೆಯದೆ ಜೇಬಿಗೆ ಹಾಕಿಕೊಳ್ತಾನಲ್ಲ, ಅದನ್ನು ಈಗ ಮತ್ತೆ ಓದುವಾಗ ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತೆ. ಎರಡು ನಿಮಿಷದ ದೃಶ್ಯ ಅದು. ಬರೀ ಎರಡು ನಿಮಿಷ.

ಆದರೂ ಬೈಕೋಬೇಡ, ನಿನ್ನ 47ರಲ್ಲಿ ಅರ್ಧಕ್ಕರ್ಧ ನಾನು ಹೊಡೆದು ಹಾಕಿದ್ದೇನೆ. ನೃತ್ಯದ ರಾತ್ರಿ ಹ್ಯಾರಿಯ ಗೆಳತಿ ಹರ್ಮಯೊನಿಯ ಗೌನು ಪುಸ್ತಕದಲ್ಲಿ ತಿಳಿನೀಲಿ, ಸಿನಿಮಾದಲ್ಲಿ ಗುಲಾಬಿ. ಇರಲಿ ಬಿಡು. ಹ್ಯಾರಿಯ ಕಣ್ಣು ಹಸಿರಲ್ಲ: ಪಾಪ, ಡೇನಿಯಲ್ ರ್‍ಯಾಡ್‌ಕ್ಲಿಫ್‌ಗೆ ಹಸಿರು ಲೆನ್ಸ್ ಹಾಕಿ ನೋಡಿದ್ದರು, ಆ ಹುಡುಗನ ಕಣ್ಣಿಗೆ ಒಗ್ಗಲಿಲ್ಲ. ಆದರೆ ಅದರ ಪಕ್ಕದಲ್ಲಿ ನೀನು ಸಣ್ಣಗೆ ಬರೆದದ್ದು ಓದಿ ಜೋರಾಗಿ ನಕ್ಕೆ, ಈ ಸಲದ್ದು ಒಳ್ಳೆಯ ನಗು. ಹತ್ತು ವರ್ಷ ಕಂಡಕಂಡವರೆಲ್ಲ "ನಿನಗೆ ನಿನ್ನಮ್ಮನ ಕಣ್ಣು" ಅಂತ ಹೇಳಿ ಹೇಳಿ, ಕೊನೇ ಸಿನಿಮಾದಲ್ಲಿ ಆ ಅಮ್ಮ ಲಿಲಿಯನ್ನು ಚಿಕ್ಕವಳಾಗಿ ತೋರಿಸಿದರೆ ಅವಳ ಕಣ್ಣು ಕಂದು! ಲೆನ್ಸ್ ಆಗದಿದ್ದರೆ ಹುಡುಕುವಾಗ ಆ ಹುಡುಗನ ಹಾಗೆ ನೀಲಿ ಕಣ್ಣಿನ ಹುಡುಗಿಯನ್ನಾದರೂ ಹುಡುಕಬಾರದಿತ್ತಾ. ಹೊಡೆದದ್ದನ್ನು ಅಳಿಸಿ ಮತ್ತೆ ಸೇರಿಸಿದೆ.

ಶಾಲೆಯ ತುಂಟ ಭೂತ ಪೀವ್ಸ್ ಇಲ್ಲದ್ದಕ್ಕೆ ನನಗೂ ಹೊಟ್ಟೆ ಉರಿ. ಅವನ ಪಾತ್ರಕ್ಕೆ ರಿಕ್ ಮೇಯಲ್ ಅನ್ನೋ ಹಾಸ್ಯನಟನನ್ನು ಹಾಕಿ ಶೂಟಿಂಗ್ ಕೂಡ ಮಾಡಿದ್ದರು, ಆಮೇಲೆ ಎಲ್ಲಾ ಕತ್ತರಿಸಿದರು, ಗೊತ್ತಾ? ಐದನೇ ಪುಸ್ತಕದಲ್ಲಿ ಹ್ಯಾರಿಯ ಗೆಳೆಯ ರಾನ್‌ನ ಅವಳಿ ಅಣ್ಣಂದಿರು ಶಾಲೆ ಬಿಟ್ಟು ಹಾರಿ ಹೋಗುವಾಗ, ಯಾರ ಮಾತನ್ನೂ ಕೇಳದ ಆ ಪೀವ್ಸ್ ಟೋಪಿ ತೆಗೆದು ಸಲ್ಯೂಟ್ ಹೊಡೀತಾನೆ. ಪರದೆಯ ಮೇಲೆ ಹಾರೋದಿದೆ, ಪಟಾಕಿಯಿದೆ, ಸಲ್ಯೂಟ್ ಇಲ್ಲ.

ಹೆಡ್‌ಮಾಸ್ಟರ್ ಡಂಬಲ್‌ಡೋರ್ ಕೂಗಾಡಿದ್ದು, 19ನೇ ನಂಬರ್. ಇದು ನಿನ್ನ ಒಬ್ಬಳದೇ ಸಿಟ್ಟು ಅಂದುಕೊಂಡಿದ್ದೀಯೇನೋ. ಸ್ಪರ್ಧಿಗಳನ್ನು ಆರಿಸುವ ಆ ಮಾಯಾ ಬಟ್ಟಲು ಗಾಬ್ಲೆಟ್‌ಗೆ ಹೆಸರು ಹಾಕಿದೆಯಾ ಅಂತ ಅವರು ಹ್ಯಾರಿಯನ್ನು ಕೇಳುವಾಗ ಪುಸ್ತಕದಲ್ಲಿ ಇರುವುದು "ಶಾಂತವಾಗಿ" ಅನ್ನೋ ಒಂದೇ ಒಂದು ಪದ. 2005ರ ಸಿನಿಮಾದಲ್ಲಿ ಮೈಕೆಲ್ ಗ್ಯಾಂಬನ್ ಓಡಿ ಬಂದು, ಹುಡುಗನ ಹೆಗಲು ಹಿಡಿದು ಹಿಂದಕ್ಕೆ ತಳ್ಳಿಕೊಂಡೇ ಹೋಗ್ತಾರೆ. ಅಭಿಮಾನಿಗಳು ಅದನ್ನ ಜೋಕ್ ಮಾಡಿಕೊಂಡು ಇವತ್ತಿಗೂ ಬಿಟ್ಟಿಲ್ಲ. ಮೊದಲೆರಡು ಸಿನಿಮಾದಲ್ಲಿ ಡಂಬಲ್‌ಡೋರ್ ಆಗಿದ್ದ ರಿಚರ್ಡ್ ಹ್ಯಾರಿಸ್ 2002ರಲ್ಲಿ ತೀರಿಕೊಂಡ ಮೇಲೆ ಗ್ಯಾಂಬನ್ ಬಂದರು, ತಾನು ಆ ಪುಸ್ತಕಗಳನ್ನು ಓದಿಲ್ಲ ಅಂತ ಅವರೇ ಹೇಳಿದ್ದೂ ಉಂಟು. ಆದರೆ ನಟನನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಆ ಟೇಕ್ ಸರಿಯಿದೆ ಅಂತ ಒಪ್ಪಿಕೊಂಡವರು ಕ್ಯಾಮೆರಾ ಹಿಂದೆ ಇದ್ದರಲ್ಲ.

ಈಗ ನನ್ನ ಬಾಯಿ ಮುಚ್ಚಿಸಿದ್ದಕ್ಕೆ ಬರ್ತೀನಿ. 11ರಿಂದ 15. ಐದರ ಮುಂದೆಯೂ ಒಂದೇ ಮಾತು ಬರೆದಿದ್ದೀಯ: "ರಾನ್‌ಗೆ ಮೋಸ."

ಇದನ್ನು ನಾನು ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲ. ಮೂರನೇ ಪುಸ್ತಕ ತೆಗೆದು ಆ ಪಾಳು ಮನೆಯ ಅಧ್ಯಾಯ ಓದಿದೆ. ನಾಯಿ ಎಳೆದುಕೊಂಡು ಹೋಗುವಾಗ ರಾನ್‌ನ ಕಾಲು ಮುರಿದಿದೆ. ಎದುರಿಗೆ ಕೊಲೆಗಾರ ಅಂತ ಎಲ್ಲರೂ ನಂಬಿರುವ ಸಿರಿಯಸ್. ಆ ಮುರಿದ ಕಾಲಿನಲ್ಲೇ ರಾನ್ ಎದ್ದು ನಿಲ್ತಾನೆ, ಮುಖ ಬಿಳಿಚಿಕೊಂಡಿದೆ, ತೂರಾಡ್ತಿದ್ದಾನೆ, ಆದರೂ ಹ್ಯಾರಿಯನ್ನು ಕೊಲ್ಲಬೇಕಾದರೆ ಮೊದಲು ನಮ್ಮನ್ನೂ ಕೊಲ್ಲಬೇಕು ಅಂತಾನೆ. ಸಿರಿಯಸ್ಸೇ ಅವನಿಗೆ ಮಲಗು, ಕಾಲು ಇನ್ನೂ ಹಾಳಾಗುತ್ತೆ ಅಂತ ಹೇಳಬೇಕಾಗುತ್ತೆ. 2004ರ ಸಿನಿಮಾದಲ್ಲಿ ಆ ಮಾತು ಹರ್ಮಯೊನಿಯದು. ರಾನ್ ಕೂತಲ್ಲೇ ನರಳ್ತಾ ಇರ್ತಾನೆ.

ಅದೇ ಪುಸ್ತಕ, ಸ್ನೇಪ್‌ನ ಕ್ಲಾಸು. ಎಲ್ಲಾ ಗೊತ್ತು ಅಂತ ಮೆರೀತಾಳೆ ಅಂತ ಸ್ನೇಪ್ ಹರ್ಮಯೊನಿಯನ್ನು ಹಂಗಿಸ್ತಾನೆ. ಪುಸ್ತಕದ ರಾನ್, ಉತ್ತರ ಬೇಡವಾದರೆ ಪ್ರಶ್ನೆ ಯಾಕೆ ಕೇಳ್ತೀರಿ ಅಂತ ಎದುರು ಮಾತಾಡಿ ಶಿಕ್ಷೆ ತಗೋತಾನೆ. ಸಿನಿಮಾದ ರಾನ್, ಸ್ನೇಪ್ ಹೇಳೋದ್ರಲ್ಲೂ ಅರ್ಥ ಇದೆ ಅಂತ ಪಕ್ಕದಲ್ಲೇ ಗೊಣಗ್ತಾನೆ. ಥಿಯೇಟರ್‌ನಲ್ಲಿ ಎಲ್ಲರೂ ನಕ್ಕಿದ್ದರು. ನಾನೂ ನಕ್ಕಿದ್ದೆ. ನೋಡು, ಒಂದು ಸಾಲು ಬದಲಾಯಿತು, ಗೆಳತಿಯ ಪರ ನಿಂತ ಹುಡುಗ ಗೆಳತಿಯನ್ನು ಚುಚ್ಚುವ ಹುಡುಗನಾದ. ಎರಡನೇ ಪುಸ್ತಕದ "ಮಡ್‌ಬ್ಲಡ್" ಬೈಗುಳವೂ ಹಾಗೇ, ಮಾಂತ್ರಿಕರಲ್ಲದ ಅಪ್ಪ ಅಮ್ಮನಿಗೆ ಹುಟ್ಟಿದವರನ್ನು ಹಂಗಿಸುವ ಮಾತು ಅದು. ಅದರ ಅರ್ಥ ಮಾಂತ್ರಿಕರ ಮನೆಯಲ್ಲಿ ಬೆಳೆದ ರಾನ್‌ಗೆ ಗೊತ್ತಿರೋದು ಸಹಜ, ಅವನೇ ವಿವರಿಸ್ತಾನೆ. ಹರ್ಮಯೊನಿಗೆ ಅದೊಂದು ಕೆಟ್ಟ ಮಾತು ಅಂತಷ್ಟೇ ಗೊತ್ತು. ಸಿನಿಮಾದಲ್ಲಿ ಅವಳೇ ಅರ್ಥ ಹೇಳ್ತಾಳೆ. ಚಿತ್ರಕಥೆ ಬರೆದ ಸ್ಟೀವ್ ಕ್ಲೋವ್ಸ್, ಎಂಟರಲ್ಲಿ ಏಳು ಅವರದೇ, ತನಗೆ ಅಚ್ಚುಮೆಚ್ಚು ಹರ್ಮಯೊನಿ ಅಂತ ಮೊದಲಿಂದಲೂ ಹೇಳಿಕೊಂಡು ಬಂದವರು. ಅಕ್ಕರೆ ತಪ್ಪಲ್ಲ. ಒಬ್ಬರ ತಟ್ಟೆಯಿಂದ ತೆಗೆದು ಇನ್ನೊಬ್ಬರಿಗೆ ಬಡಿಸಿದ್ದು ತಪ್ಪು. ಅದರಿಂದ ಹರ್ಮಯೊನಿಗೂ ನಷ್ಟವೇ ಆಯಿತು ಅನ್ಸುತ್ತೆ ನನಗೆ, ಮೊದಲ ಪುಸ್ತಕದಲ್ಲಿ ಬಳ್ಳಿ ಸುತ್ತಿಕೊಂಡಾಗ ಬೆಂಕಿ ಹಚ್ಚೋಕೆ ಸೌದೆ ಇಲ್ಲವಲ್ಲ ಅಂತ ಗಾಬರಿ ಬೀಳ್ತಾಳಲ್ಲ, ನೀನು ಮಾಟಗಾತಿ ಹೌದೋ ಅಲ್ಲವೋ ಅಂತ ರಾನ್ ಅರಚ್ತಾನಲ್ಲ, ಆ ಹುಡುಗಿ ನನಗೆ ಎಲ್ಲಾ ಗೊತ್ತಿರುವ ಹುಡುಗಿಗಿಂತ ಇಷ್ಟ.

ಆಮೇಲೆ 31. ಅವತ್ತು ನೀನು ಎದ್ದು ಹೋಗಿದ್ದು ಇದಕ್ಕೇ ಅಂತ ಈಗ ಅರ್ಥವಾಯಿತು. ಗೋಪುರದ ಮೇಲೆ ಡಂಬಲ್‌ಡೋರ್ ಸಾಯುವ ದೃಶ್ಯ. ಪುಸ್ತಕದಲ್ಲಿ ಕಾಲಿನ ಸದ್ದು ಕೇಳಿದ ಕೂಡಲೇ ಡಂಬಲ್‌ಡೋರ್ ಹ್ಯಾರಿಗೆ ಮಂತ್ರ ಹಾಕಿ, ತೊಟ್ಟವರನ್ನು ಕಾಣದಂತೆ ಮಾಡುವ ಆ ನಿಲುವಂಗಿಯೊಳಗೇ ಅಲ್ಲಾಡದ ಹಾಗೆ ಮಾಡ್ತಾರೆ. ಅವನು ಕೂಗಲಾರ, ಬೆರಳೂ ಎತ್ತಲಾರ. ನೋಡೋದು ಬಿಟ್ಟು ಅವನಿಗೆ ದಾರಿಯೇ ಇಲ್ಲ. ಮತ್ತೆ ಕೈಕಾಲು ಆಡೋಕೆ ಶುರುವಾಯಿತು ಅಂದರೆ ಮಂತ್ರ ಹಾಕಿದವರು ಇನ್ನಿಲ್ಲ ಅಂತಲೇ ಅರ್ಥ. ಇನ್ನು ಸಿನಿಮಾದಲ್ಲಿ ಹ್ಯಾರಿಗೆ ಯಾವ ಕಟ್ಟೂ ಇಲ್ಲ. ಕೆಳಗಿನ ಅಂತಸ್ತಿನಲ್ಲಿ, ಕೈಯಲ್ಲಿ ಮಂತ್ರದಂಡ ಹಿಡಿದು, ಸುಮ್ಮನೆ ನಿಂತು ನೋಡ್ತಾನೆ. ಸ್ನೇಪ್ ಬಂದು ತುಟಿಗೆ ಬೆರಳಿಟ್ಟರೆ ಸುಮ್ಮನಾಗ್ತಾನೆ. ಅಡಗಿರು ಅಂತ ಡಂಬಲ್‌ಡೋರ್ ಹೇಳಿದ್ದರು ಸರಿ, ಆದರೆ ಹೇಳಿದ ಮಾತು ಕೇಳಿ ಕೂರೋದು ಹ್ಯಾರಿಯ ಜಾಯಮಾನದಲ್ಲೇ ಇಲ್ಲವಲ್ಲ. "ಇವನು ಹ್ಯಾರಿನೇ ಅಲ್ಲ." ನೀನು ಹೇಳಿದ್ದು ಅಕ್ಷರಶಃ ಸರಿ ಪುಟ್ಟಿ. ಪುಟ ಬಿಟ್ಟಿದ್ದಕ್ಕೆ ನೀನು ಅತ್ತಿರಲಿಲ್ಲ. ಮನುಷ್ಯನನ್ನೇ ಬದಲಿಸಿದ್ದಕ್ಕೆ ಅತ್ತೆ. ನಾನು ಪುಟಗಳ ದಪ್ಪದ ಬಗ್ಗೆ ಭಾಷಣ ಬಿಗಿದೆ.

ಈಗ ನನ್ನ ಸರದಿ. 38ನ್ನು ನಾನು ಬಿಡೋಲ್ಲ. "ಪುಸ್ತಕದಲ್ಲಿ ಇಲ್ಲದ್ದು ಯಾವುದೂ ಇರಬಾರದು" ಅಂತ ಬರೆದಿದ್ದೀಯ. ಆರನೇ ಸಿನಿಮಾದಲ್ಲಿ ವೀಸ್ಲಿಯವರ, ಅಂದರೆ ರಾನ್‌ನ ಮನೆಗೆ ಸುಮ್ನೆ ಬೆಂಕಿ ಹಚ್ಚಿದರು, ಮುಂದಿನ ಸಿನಿಮಾದಲ್ಲಿ ಅದೇ ಮನೆ ಏನೂ ಆಗದ ಹಾಗೆ ಮದುವೆಗೆ ರೆಡಿ, ಅದಕ್ಕೆ ಬೈ, ನಾನೂ ಬರ್ತೀನಿ. ಆದರೆ ಏಳನೇ ಸಿನಿಮಾದ ಶುರುವಿನಲ್ಲೇ ಏನಿದೆ? ಹರ್ಮಯೊನಿ ಅಪ್ಪ ಅಮ್ಮನ ಬೆನ್ನ ಹಿಂದೆ ನಿಂತು, ಅವರ ನೆನಪಿನಿಂದ ತನ್ನನ್ನು ಅಳಿಸೋಕೆ ಮಂತ್ರದಂಡ ಎತ್ತುತ್ತಾಳೆ. ಗೋಡೆಯ ಮೇಲಿನ ಫೋಟೋಗಳಿಂದ ಅವಳು ಒಂದೊಂದಾಗಿ ಮಾಯವಾಗ್ತಾ ಹೋಗ್ತಾಳೆ. ಪುಸ್ತಕದಲ್ಲಿ ಇದನ್ನು ಅವಳು ಬಾಯಲ್ಲಿ ಹೇಳ್ತಾಳೆ ಅಷ್ಟೇ, ನಮಗೆ ತೋರಿಸಲ್ಲ. ನಾನು ಅದನ್ನು ಮೊದಲು ನೋಡಿದಾಗ ನೀನಿರಲಿಲ್ಲ. ಈಗ ನೀನಿಲ್ಲದ ಮನೆಯಲ್ಲಿ, ಗೋಡೆಯ ಮೇಲೆ ನಿನ್ನ ಫೋಟೋ ಇಟ್ಟುಕೊಂಡು ನೋಡಿದರೆ ಬೇರೇನೇ. ಅದನ್ನು ಹೊಡೆದು ಹಾಕು ಅಂದರೆ ಕೇಳೋಲ್ಲ ನಾನು. ಟೆಂಟಿನಲ್ಲಿ ಹ್ಯಾರಿ ಹರ್ಮಯೊನಿ ಕುಣಿಯೋದೂ ಪುಸ್ತಕದಲ್ಲಿಲ್ಲ. ಅದರ ಮುಂದೆ ಮೂರು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೀಯ. ನನಗೆ ಅದು ಇಷ್ಟ. ಬಂದಾಗ ಜಗಳ ಆಡೋಣ.

47ನೇದನ್ನು ಮಾತ್ರ ನೀನೇ ಅಳಿಸಬೇಕು. 2023ರಲ್ಲಿ ಎಚ್‌ಬಿಒದವರು ಪುಸ್ತಕಕ್ಕೊಂದು ಸೀಸನ್ ಅಂತ ಹೊಸದಾಗಿ ಸರಣಿ ಮಾಡ್ತೀವಿ ಅಂದರಲ್ಲ, ಅದರ ಮಕ್ಕಳ ಫೋಟೋ ನೋಡಿ ಮುಖದ ಬಗ್ಗೆ ಏನೋ ಬರೆದಿದ್ದೀಯ. ಆ ಮಕ್ಕಳು ನಿನಗಿಂತ ಚಿಕ್ಕವರು. ರಾನ್ ಕೆಟ್ಟದ್ದಕ್ಕೆ ರೂಪರ್ಟ್ ಗ್ರಿಂಟ್‌ನನ್ನು ಬೈದವರಿಗೂ ಇದಕ್ಕೂ ಏನು ವ್ಯತ್ಯಾಸ? ಬರೆದುಕೊಟ್ಟದ್ದನ್ನು ಆಡಿದ ಹುಡುಗ ಅವನು. ಸಿಟ್ಟು ಎಷ್ಟು ಬೇಕಾದರೂ ಇಟ್ಕೋ, ಅದನ್ನ ಬರೆದವರ ಮೇಜಿಗೆ ಕಳಿಸು.

ಇನ್ನೊಂದು ಕೇಳಬೇಕು. ನಾನು ಮೊದಲು ಸಿನಿಮಾ ನೋಡಿದವಳು, 2001ರದ್ದು. ಪುಸ್ತಕ ಹಿಡಿದದ್ದು ಆಮೇಲೆ. ಹಾಗಾಗಿ ಹ್ಯಾರಿ ಅಂದರೆ ರ್‍ಯಾಡ್‌ಕ್ಲಿಫ್, ಹರ್ಮಯೊನಿ ಅಂದರೆ ಎಮ್ಮಾ ವಾಟ್ಸನ್, ಸ್ನೇಪ್ ಅಂದರೆ ಅಲನ್ ರಿಕ್‌ಮನ್‌ನ ದನಿ. ಈ ವಾರ ಮತ್ತೆ ಓದುವಾಗ ಪುಸ್ತಕದ ವರ್ಣನೆ ನೋಡಿ ಬೇರೆ ಮುಖ ಕಟ್ಟೋಕೆ ಪ್ರಯತ್ನಪಟ್ಟೆ, ಆಗಲೇ ಇಲ್ಲ. ಎರಡು ಸಾಲಿಗೆ ಮತ್ತೆ ಅದೇ ಮುಖ ಬಂದು ಕೂರುತ್ತೆ. ನೀನು ಹಾಗಲ್ಲ. ಏಳೂ ಪುಸ್ತಕ ಮುಗಿಸುವವರೆಗೆ ಒಂದೂ ಸಿನಿಮಾ ನೋಡಲ್ಲ ಅಂತ ಹಟ ಹಿಡಿದೆ. ಆ ಎರಡು ವರ್ಷ ನಿನ್ನ ತಲೆಯಲ್ಲಿ ಓಡಾಡಿಕೊಂಡಿದ್ದವರು ಬೇರೆ ಯಾರೋ. ನಿನ್ನ ರಾನ್ ಹೇಗಿದ್ದ? ನಿನ್ನ ಹರ್ಮಯೊನಿಯ ಹಲ್ಲು ಎಷ್ಟು ಮುಂದಿತ್ತು? ಪಟ್ಟಿಯ ಕೊನೇ ಹಾಳೆಯ ಹಿಂಬದಿ ಖಾಲಿ ಇದೆ, ಇದರ ಜೊತೆಗೇ ಇಟ್ಟಿದ್ದೇನೆ. ಮರೆತು ಹೋಗೋ ಮೊದಲು ಅದರಲ್ಲಿ ಬರೆದು ಕಳಿಸು. ಚಿತ್ರ ಬಿಡಿಸಿದರೆ ಇನ್ನೂ ಒಳ್ಳೇದು.

ನಿನ್ನ,
ಅಮ್ಮ