ಊಟ ಮಾಡಿ ತಟ್ಟೆ ತೊಳೆದಿಡುವ ಖಳನಾಯಕ

ಪ್ರೀತಿಯ ಮಾರಾಯ,

"ಕಾದಂಬರಿ ಎಲ್ಲಿಗೆ ಬಂತು?" ಅಂತ ನೀನು ಕೇಳಿ ಮೂರು ವಾರ ಆಯಿತು. ನಾನು ಓದಿದ್ದು ನಿನಗೆ ಗೊತ್ತಾಗಿದೆ, ಉತ್ತರ ಕೊಡದೇ ಇದ್ದದ್ದೂ ಗೊತ್ತಾಗಿದೆ. ಈಗ ಎಲ್ಲರೂ ಓದುವ ಜಾಗದಲ್ಲೇ ಬರೆಯುತ್ತಿದ್ದೇನೆ. ನಿನಗೊಬ್ಬನಿಗೇ ಬರೆದರೆ ಅರ್ಧ ಓದಿ ಫೋನ್ ಮಾಡುತ್ತಿ, ಕೊಡೆಯ ವಿಷಯ ಎತ್ತುತ್ತಿ. ನಾಲ್ಕು ಜನರ ಎದುರು ಸ್ವಲ್ಪ ಮರ್ಯಾದೆ ಕೊಟ್ಟೀಯ ಅಂತ ಆಸೆ.

(ಉಳಿದವರು ಕೊಡೆಯ ವಿಷಯ ಕೇಳಬೇಡಿ.)

ಕಾದಂಬರಿ 140ನೇ ಪುಟದಲ್ಲಿ ಕೂತಿದೆ, ಏಳುವುದೇ ಇಲ್ಲ. ಕಥಾನಾಯಕನಿಗೆ ಇನ್ನೂ ಹೆಸರಿಟ್ಟಿಲ್ಲ. ಸದ್ಯಕ್ಕೆ 'ಕ್ಷ' ಅಂತ ಬರೆದುಕೊಂಡು ಹೋಗುತ್ತಿದ್ದೇನೆ. ನನಗೆ ಬೇಕಿದ್ದದ್ದು ಒಬ್ಬ ಚಂದದ ಕೆಟ್ಟವನು. ಓದುವವರಿಗೆ ಅವನನ್ನು ಮನೆಗೆ ಕರೆದು ಚಾ ಕೊಡಬೇಕು ಅನ್ನಿಸಬೇಕು. ಪೊಲೀಸರು ಹತ್ತಿರ ಬಂದಾಗ "ಅಯ್ಯೋ, ಬೇಗ ಓಡಪ್ಪಾ" ಅನ್ನಬೇಕು. ಆಮೇಲೆ ಹಾಗೆ ಅಂದದ್ದಕ್ಕೆ ನಾಚಿಕೆ ಆಗಬೇಕು.

ಯಕ್ಷಗಾನದ ಆಟ ನೋಡಿ ಬೆಳೆದ ನಮ್ಮಂಥವರಿಗೆ ಇದು ಸುಲಭ ಅಲ್ಲ. ಬಣ್ಣದ ವೇಷ, ಅಂದರೆ ರಕ್ಕಸನ ಪಾತ್ರ, ರಂಗಕ್ಕೆ ಬರುವ ಮೊದಲೇ ತೆರೆಯ ಹಿಂದಿನಿಂದ ಆರ್ಭಟೆ ಕೇಳುತ್ತದೆ. ಮುಖದ ತುಂಬ ಅಕ್ಕಿಹಿಟ್ಟು, ಸುಣ್ಣದ ಚುಟ್ಟಿ, ಮುಳ್ಳುಮುಳ್ಳಾದ ಬಿಳಿ ಚುಕ್ಕಿಗಳು. ಅದನ್ನು ಇಡಲಿಕ್ಕೇ ಗಂಟೆಗಟ್ಟಲೆ ಬೇಕು. ಚಾಪೆಯಲ್ಲಿ ನಿದ್ದೆ ಹೋದ ಮಕ್ಕಳು ಸಹ ಎದ್ದು ಅಮ್ಮನ ಸೆರಗು ಹಿಡಿದುಕೊಳ್ಳುತ್ತವೆ. ರಕ್ಕಸ ಯಾರು ಅಂತ ಯಾರಿಗೂ ಅನುಮಾನ ಇಲ್ಲ. ಆದರೆ ಅದೇ ರಾವಣ ಸೀತೆಯ ಬಾಗಿಲಿಗೆ ಬರುವಾಗ ಸನ್ಯಾಸಿ. ಆರ್ಭಟೆ ಇಲ್ಲ, ಚುಟ್ಟಿ ಇಲ್ಲ, ಒಂದು ಭಿಕ್ಷಾಪಾತ್ರೆ ಅಷ್ಟೆ. ನನ್ನ ಕ್ಷ ಆ ಪೈಕಿಯವನು.

ಮೊದಲು ಅವನನ್ನು ಸರಣಿ ಕೊಲೆಗಾರ ಚಾರ್ಲ್ಸ್ ಶೋಭರಾಜನ ಹಾಗೆ ಮಾಡಲು ಹೋದೆ. 1986ರ ಮಾರ್ಚ್‌ನಲ್ಲಿ ಹುಟ್ಟುಹಬ್ಬ ಅಂತ ತಿಹಾರ್ ಜೈಲಿನ ಕಾವಲಿನವರಿಗೆ ಮತ್ತಿನ ಔಷಧಿ ಬೆರೆಸಿದ ಸಿಹಿ ಹಂಚಿ, ಅವರು ಮಲಗಿದ ಮೇಲೆ ಹೊರಗೆ ನಡೆದವನು. ಏಪ್ರಿಲ್‌ನಲ್ಲಿ ಗೋವಾದ ಪರ್ವರಿಯ ಒಂದು ಹೋಟೆಲಿನಲ್ಲಿ ಮುಂಬೈ ಪೊಲೀಸ್ ಅಧಿಕಾರಿ ಮಧುಕರ ಝೆಂಡೆ ಅವನನ್ನು ಹಿಡಿದರು. ಮೂವತ್ತು ಪುಟ ಬರೆದೆ. ಕ್ಷ ಬರೀ ಟೋಪಿ ಹಾಕಿಕೊಂಡು ಓಡಾಡಿದ. ಹರಿದು ಹಾಕಿದೆ.

ಆಮೇಲೆ ಸೈಕಾಲಜಿ ಹಿಡಿದೆ. ರಾಬರ್ಟ್ ಹೇರ್ ಎಂಬ ಕೆನಡಾದ ಮನಶ್ಶಾಸ್ತ್ರಜ್ಞರ ಒಂದು ಪಟ್ಟಿ ಇದೆ. ಸೈಕೋಪಾತ್‌ಗಳನ್ನು, ಅಂದರೆ ಕರುಣೆ, ಪಶ್ಚಾತ್ತಾಪ ಇಲ್ಲದವರನ್ನು, ಅಳೆಯಲಿಕ್ಕೆ 20 ಅಂಶ, ಒಂದೊಂದಕ್ಕೆ ಹೆಚ್ಚೆಂದರೆ 2 ಅಂಕ, ಒಟ್ಟು 40. ಮೊದಲನೇ ಅಂಶವೇ ಮಾತಿನ ಮೋಡಿ. ತರಬೇತಿ ಇಲ್ಲದವರು ಅದನ್ನು ಮನೆಯಲ್ಲಿ ಕೂತು ಬಳಸಬಾರದಂತೆ. ನಾನು ಕೂತು ನಿನಗೆ ಅಂಕ ಹಾಕಿದೆ. ಎಷ್ಟು ಅಂತ ಹೇಳುವುದಿಲ್ಲ. ಮೊದಲನೇ ಅಂಶಕ್ಕೆ ಸೊನ್ನೆ.

ಕೊನೆಗೆ ದಾರಿ ಸಿಕ್ಕಿದ್ದು ನಮ್ಮ ಊರಲ್ಲೇ. ಸಯನೈಡ್ ಮೋಹನನ ಹಳೆಯ ವರದಿಗಳನ್ನು ಹುಡುಕಿ ಓದಿದೆ. ಬಂಟ್ವಾಳ ತಾಲೂಕಿನವನು, ಪ್ರಾಥಮಿಕ ಶಾಲೆಯ ಮಾಸ್ತರನಾಗಿದ್ದವನು. 2003ರಿಂದ 2009ರ ನಡುವೆ 20 ಹೆಂಗಸರನ್ನು ಕೊಂದ ಕೇಸು ಅವನ ಮೇಲೆ. 2013ರಲ್ಲಿ ಮಂಗಳೂರಿನ ಕೋರ್ಟು ಮೊದಲ ಪ್ರಕರಣಗಳಲ್ಲಿ ಶಿಕ್ಷೆ ಕೊಟ್ಟಿತು, ಇಪ್ಪತ್ತನೆಯದರ ತೀರ್ಪು ಬರುವಾಗ 2020 ಆಗಿತ್ತು. ಗರ್ಭ ನಿಲ್ಲದ ಹಾಗೆ ಮಾಡುವ ಮಾತ್ರೆ ಅಂತ ಹೇಳಿ ಬಸ್ ಸ್ಟ್ಯಾಂಡಿನಲ್ಲಿ ಸಯನೈಡ್ ಕೊಡುತ್ತಿದ್ದ. ಅವರು ಶೌಚಾಲಯಕ್ಕೆ ಹೋಗಿ ನುಂಗುತ್ತಿದ್ದರು. ಬಿಚ್ಚಿಟ್ಟು ಬಂದ ಚಿನ್ನ ಲಾಡ್ಜಿನ ಕೋಣೆಯಲ್ಲಿ ಅವನಿಗಾಗಿ ಕಾಯುತ್ತಿರುತ್ತಿತ್ತು. ಆಗ ಬಸ್ಸಿನಲ್ಲೆಲ್ಲ ಜನ ಇದೇ ಮಾತಾಡುತ್ತಿದ್ದದ್ದು ನಿನಗೆ ನೆನಪಿರಬೇಕು.

ಅವನ ಫೋಟೋ ತುಂಬಾ ಹೊತ್ತು ನೋಡಿದೆ. ರೂಪ ಅಂತ ಹೇಳುವಂಥದ್ದು ಏನೂ ಇಲ್ಲ. ನಮ್ಮ ಎದುರಿನ ಸೀಟಿನಲ್ಲಿ ಕೂತರೆ ಮುಖ ನೆನಪಿರುವುದಿಲ್ಲ. ಹಾಗಾದರೆ ಮೋಡಿ ಎಲ್ಲಿತ್ತು? ಅವನು ಆರಿಸಿದ್ದು ಹೆಚ್ಚಾಗಿ ಬಡ ಮನೆಯ, ಮದುವೆ ಆಗದೆ ವಯಸ್ಸು ಮೀರುತ್ತಿದ್ದ ಹೆಣ್ಣುಮಕ್ಕಳನ್ನು. ಹೇಳಿದ್ದು "ವರದಕ್ಷಿಣೆ ಬೇಡ" ಅಂತ. ಅಷ್ಟೇ. ಯಾವ ಮನೆಯಲ್ಲಿ ಯಾವುದಕ್ಕೆ ಕೊರತೆ ಅಂತ ಅವನಿಗೆ ಗೊತ್ತಿತ್ತು.

ಇದು ಹೊಳೆದ ಮೇಲೆ ಕ್ಷ ಓಡತೊಡಗಿದ. ಎಂಥ ಓಟ ಅಂತಿ! ದಿನಕ್ಕೆ ಎಂಟು ಪುಟ. ಅವನು ಒಂಟಿ ಮುದುಕಿಯರ ಮನೆಗೆ ಹೋಗುತ್ತಾನೆ. ಮೊಣಕಾಲು ಹೇಗಿದೆ ಅಂತ ಕೇಳುತ್ತಾನೆ. ಹೋದ ಸಲ ಹೇಳಿದ ಬೆಕ್ಕಿನ ಹೆಸರು ಈ ಸಲ ನೆನಪಿಟ್ಟುಕೊಂಡು ಬರುತ್ತಾನೆ. ಊಟ ಮಾಡಿದ ಮೇಲೆ ಬೇಡ ಬೇಡ ಅಂದರೂ ಬಾವಿಕಟ್ಟೆಗೆ ಹೋಗಿ ತನ್ನ ತಟ್ಟೆ ತಾನೇ ತೊಳೆದು ಕವುಚಿ ಇಡುತ್ತಾನೆ.

ನನ್ನ ಹೆಂಡತಿಗೆ ಓದಲು ಕೊಟ್ಟೆ. ಕೊಲೆಯ ಭಾಗವನ್ನು ಚಾ ಕುಡಿಯುತ್ತ ಓದಿದಳು. ತಟ್ಟೆಯ ಸಾಲು ಬಂದಾಗ ಲೋಟ ಕೆಳಗಿಟ್ಟಳು. "ಇದು ಹೆದರಿಕೆ ಆಗ್ತದೆ. ಇದೆಲ್ಲಿ ಸಿಕ್ಕಿತು ನಿಮಗೆ?"

"ಸುಮ್ನೆ ಹೊಳೆಯಿತು" ಅಂದೆ.

ಹೊಳೆದದ್ದಲ್ಲ ಮಾರಾಯ. 2007ರಲ್ಲಿ ನಾವಿಬ್ಬರೂ ಪುತ್ತೂರಿನ ಆ ರೂಮಿನಲ್ಲಿ ಒಂದೇ ಇಸ್ತ್ರಿಪೆಟ್ಟಿಗೆ, ಎರಡು ಟೈ ಇಟ್ಟುಕೊಂಡು ವಿಮೆ ಪಾಲಿಸಿ ಮಾರುತ್ತಿದ್ದೆವಲ್ಲ. ಸೆನ್ಸೆಕ್ಸ್ 20,000 ದಾಟಿದ ವರ್ಷ. ಯೂಲಿಪ್, ಅಂದರೆ ಕಟ್ಟಿದ ಹಣ ಷೇರುಪೇಟೆಗೂ ಹೋಗುವ ವಿಮೆ, ಏನು ಅಂತ ಆಗ ನಮಗೇ ಸರಿಯಾಗಿ ಗೊತ್ತಿರಲಿಲ್ಲ. "ಮೂರು ವರ್ಷ ಕಟ್ಟಿ ಸಾಕು, ಎಫ್‌ಡಿ ಇದ್ದ ಹಾಗೇ" ಅಂತ ಬಾಯಿಪಾಠ ಮಾಡಿದ್ದೆವು. ಮೊದಲ ಕಂತಿನಲ್ಲಿ ಒಳ್ಳೆಯ ಪಾಲು ಕಮಿಷನ್ನು, ಖರ್ಚು ಅಂತಲೇ ಹೋಗುತ್ತಿತ್ತು ಎಂಬುದು ಆ ಪಾಠದಲ್ಲಿ ಇರಲಿಲ್ಲ.

ಒಬ್ಬರು ರಿಟೈರ್ಡ್ ಟೀಚರ್ ಇದ್ದರು. ನಿನಗೆ ಅವರ ವಿಷಯ ಹೇಳಿಲ್ಲ. ನಾಲ್ಕು ಸಲ ಅವರ ಮನೆಗೆ ಹೋದೆ. ಬಡ್ಡಿ ಎಷ್ಟು ಬರುತ್ತದೆ ಅಂತ ಅವರು ಒಮ್ಮೆ ಕೇಳಿರಬಹುದು. "ಇನ್ನೊಂಚೂರು ಅನ್ನ ಹಾಕಲಾ?" ಅಂತ ಲೆಕ್ಕವಿಲ್ಲದಷ್ಟು ಸಲ ಕೇಳಿದರು. ಹರಿವೆ ದಂಟಿನ ಹುಳಿ. ನನಗೆ ಹರಿವೆ ಆಗುವುದಿಲ್ಲ ಅಂತ ನಿನಗೆ ಗೊತ್ತು. ಎರಡು ಸಲ ಹಾಕಿಸಿಕೊಂಡೆ. ತಟ್ಟೆ ತೊಳೆದಿಟ್ಟೆ. ನಾಲ್ಕನೇ ಸಲ 50,000ದ ಚೆಕ್ ಬರೆದುಕೊಟ್ಟರು. ಫಾರ್ಮಿನಲ್ಲಿ ನಾನು ತಪ್ಪು ಬರೆದಿದ್ದ ಅವರ ಊರಿನ ಹೆಸರನ್ನು ಅವರೇ ತಿದ್ದಿದರು.

ಪಾಲಿಸಿಯ ಬಾಂಡ್ ಕೈಗೆ ಬಂದ ಮೇಲೆ ಆಗ 15 ದಿನ ಸಮಯ ಇರುತ್ತಿತ್ತು. ಓದಿ ನೋಡಿ ಬೇಡ ಅನ್ನಿಸಿದರೆ ವಾಪಸ್ ಮಾಡಬಹುದಿತ್ತು. ಕವರ್ ಬಂತು ಅಂತ ಅವರು ಫೋನ್ ಮಾಡಿದರು. "ನೀವು ಒಡೆಯಬೇಡಿ ಟೀಚರ್, ಅದರಲ್ಲಿ ಎಲ್ಲ ಇಂಗ್ಲಿಷು. ನಾನೇ ಬಂದು ವಿವರಿಸ್ತೇನೆ" ಅಂದೆ. ಹೋದದ್ದು ಇಪ್ಪತ್ತನೇ ದಿನ.

ಇಪ್ಪತ್ತನೇ ದಿನ, ಮಾರಾಯ. ಹಿಂದಿನ ದಿನಗಳಲ್ಲಿ ಪುರುಸೊತ್ತು ಇಲ್ಲದೆ ಅಲ್ಲ. ರೂಮಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೆ. ಆ ಪೆನ್ಸಿಲ್ ಗುರುತು ಏನು ಅಂತ ನೀನು ಕೇಳಿದಾಗ ಗ್ಯಾಸ್ ಬುಕ್ ಮಾಡಿದ್ದು ಅಂದಿದ್ದೆ.

ಮುಂದಿನದ್ದು ನಿನಗೆ ಗೊತ್ತು. 2008ರ ಜನವರಿಯಲ್ಲಿ 21,000 ಮುಟ್ಟಿದ ಸೆನ್ಸೆಕ್ಸ್ ಅಕ್ಟೋಬರಿಗೆ 9,000ದ ಕೆಳಗೆ ಬಿತ್ತು. ಟೀಚರ್ ಅಷ್ಟರ ಮೇಲೂ ಎರಡನೇ ಕಂತು ಕಟ್ಟಿದರು. ಕೊಟ್ಟದ್ದು ಒಂದು ಲಕ್ಷ, ಸ್ಟೇಟ್‌ಮೆಂಟಿನಲ್ಲಿ ಇದ್ದದ್ದು ಐವತ್ತೈದು ಸಾವಿರದ ಚಿಲ್ಲರೆ. ಬೈಯಲಿಲ್ಲ. "ಮಾರ್ಕೆಟ್ ಬಿದ್ದರೆ ನೀನು ಏನು ಮಾಡ್ತಿ ಮಗಾ" ಅಂದರು. ನಾನು "ಹೌದು ಟೀಚರ್" ಅಂದೆ. ಆಮೇಲೆ ಅವರ ಫೋನ್ ಎತ್ತಲಿಲ್ಲ.

ಮೋಹನನ ಪಾಪದ ಪಕ್ಕ ಇದನ್ನು ಇಡುವುದೇ ತಪ್ಪು. ಸತ್ತ ಆ ಹೆಣ್ಣುಮಕ್ಕಳಿಗೆ ಅವಮಾನ. ಆದರೆ ಕ್ಷನ ಮಾತು ಬರೆಯುವಾಗ ನನಗೆ ಪೆನ್ನು ಒಮ್ಮೆಯೂ ತಡವರಿಸಲಿಲ್ಲ ಎಂಬುದು ನನ್ನನ್ನು ಕಾಡುತ್ತಿದೆ. ಪೊಲೀಸಿನವನ ಮಾತು ಬರೆಯಲಿಕ್ಕೆ ಒಂದು ವಾರ ಬೇಕಾಯಿತು.

ನೀನು ಮೂರೇ ತಿಂಗಳಲ್ಲಿ ಆ ಕೆಲಸ ಬಿಟ್ಟೆ. "ನನಗೆ ಮಾತು ಬರುವುದಿಲ್ಲ" ಅಂದಿದ್ದಿ. ಇಷ್ಟು ವರ್ಷ ನಾನು ಅದನ್ನು ನಂಬಿ ನಿನ್ನನ್ನು ತಮಾಷೆ ಮಾಡಿದೆ. ಅದು ಸುಳ್ಳು, ಅಲ್ವಾ?

ಇನ್ನೊಂದು ಹೇಳಿಬಿಡುತ್ತೇನೆ. ಇದನ್ನು ಓದಿದವರಲ್ಲಿ ನಾಲ್ಕು ಜನ "ಪಾಪ, ಎಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡ" ಅನ್ನುತ್ತಾರೆ. ಅನ್ನುತ್ತಾರೆ ಅಂತ ಗೊತ್ತಿದ್ದೇ ಬರೆದೆ. ಹರಿವೆ ದಂಟಿನ ವಿಷಯ ಹಾಕಿದ್ದೂ ಅದಕ್ಕೇ. ಟೀಚರ್ ಮನೆಗೆ ಹೋಗಿ ಹೇಳಬಹುದಿತ್ತು. ಪುತ್ತೂರಿಗೆ ಈಗಲೂ ಬಸ್ಸು ಇದೆ.

ಸಾಕು, ಜಾಸ್ತಿ ಆಯಿತು. ರಾತ್ರಿ ಒಂದೂವರೆ ಗಂಟೆಗೆ ಬರೆದರೆ ಹೀಗೇ. ಆ ತಿಂಗಳು ನನಗೆ ಬಹುಮಾನ ಬಂದ ಗೋಡೆ ಗಡಿಯಾರ ಇನ್ನೂ ನಿನ್ನ ಅಮ್ಮನ ಮನೆಯ ಜಗಲಿಯಲ್ಲಿ ಇದೆಯಂತೆ. ಹತ್ತು ನಿಮಿಷ ಮುಂದೆ ಓಡುತ್ತದಂತೆ. ಇಳಿಸಲಿಕ್ಕೆ ಹೇಳು. ಬೇಡ, ಅವರಿಗೆ ಬಸ್ ತಪ್ಪುವುದಿಲ್ಲ, ಇರಲಿ.

ಕ್ಷನಿಗೆ ನಿನ್ನ ಹೆಸರು ಇಡೋಣ ಅಂತಿದ್ದೆ. ಇವಳು ಬೇಡ ಅಂದಳು, "ಅವರು ತಟ್ಟೆ ತೊಳೆಯುವವರಲ್ಲ" ಅಂತ. ನಿಜ, ಒಮ್ಮೆಯೂ ತೊಳೆದವನಲ್ಲ ನೀನು. ಅಕ್ಟೋಬರಿನಲ್ಲಿ ಊರಿಗೆ ಬರುವಾಗ ಒಂದು ಬಾಟಲಿ ತಾ. ಯಾವುದು ಅಂತ ಇಲ್ಲಿ ಬರೆಯುವುದಿಲ್ಲ, ಅತ್ತೆ ಇದನ್ನು ಓದುತ್ತಾರೆ.

ಪುಸ್ತಕ ಮುಗಿದರೆ ಮೊದಲ ಪ್ರತಿ ಅಂಚೆಯಲ್ಲಿ ನಿನಗೇ ಕಳಿಸುತ್ತೇನೆ. ಬಂದ ಕೂಡಲೇ ಕವರ್ ಒಡೆಯಬೇಡ. ನಾನೇ ಬಂದು ವಿವರಿಸುತ್ತೇನೆ.

ನಿನ್ನ,
ಎರಡನೇ ಟೈಯವನು